ಮಾನ್ವಿಯ ಆಕಾಶಕ್ಕೊಂದು ಲೆನ್ಸ್

ಅಕ್ಕ ತೀರಿಕೊಂಡ ಮರುದಿನ ಮಾನ್ವಿಯಲ್ಲಿ ಅವರ ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಕುಳಿತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ಊರಿನ ಹಿರಿಯರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, "ಎಲ್ಲಾ ಚೊಲೋ ಇತ್ತು ಆಕೀದು. ಅದೊಂದು ವಿಮಾನದ ಹುಚ್ಚು ಇರಲಿಲ್ಲಂದ್ರ..." ಎಂದು ಅರ್ಧಕ್ಕೆ ನಿಲ್ಲಿಸಿ ನಿಟ್ಟುಸಿರು ಬಿಟ್ಟರು. ನಾನು ಕುರ್ಚಿ ಎತ್ತಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಹಾಕಿಕೊಂಡೆ. ಸಾವಿನ ಮನೆಯಲ್ಲಿ ಜಗಳ ತೆಗೆಯಬಾರದು ಎಂಬ ಒಂದೇ ಕಾರಣಕ್ಕೆ ಅವರು ಬಚಾವಾದರು. ಅಲ್ಲಿ ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಓದಿದರೂ ನನಗೇನೂ ಬೇಸರವಿಲ್ಲ.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕ್ಯಾಮೆರಾ ಅಂಗಡಿ ಇದೆ. ಮದುವೆ ಫೋಟೋದವರು, ಸ್ಟುಡಿಯೋ ಇಟ್ಟವರು, ಈಚೆಗೆ ರೀಲ್ಸ್ ಮಾಡುವ ಹುಡುಗರು ನನ್ನ ಗಿರಾಕಿಗಳು. ಅಕ್ಕ ಈ ಯಾವ ಗುಂಪಿಗೂ ಸೇರಿದವರಲ್ಲ. ಅವರು ಮೂಲತಃ ಹಿರೇಕೊಟ್ನೆಕಲ್ಲಿನವರು. ಮಾನ್ವಿಯಲ್ಲಿ ತಮ್ಮನ ಜೊತೆ ಅಕ್ಕಿ ಗಿರಣಿ ನಡೆಸುತ್ತಿದ್ದರು. ಹರೆಯದಲ್ಲಿ ಅವರನ್ನು ದೇವದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದರಂತೆ. ಒಂದು ದಿನ ತಾವೇ ಬಸ್ಸು ಹತ್ತಿ ವಾಪಸು ಬಂದು, ಗಿರಣಿಯ ಕಾಟಾದ ಪಕ್ಕದ ಕುರ್ಚಿಯಲ್ಲಿ ಕುಳಿತು ಭತ್ತ ತೂಗಿಸತೊಡಗಿದರಂತೆ. ಯಾಕೆ ಬಂದಿರಿ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ನಾನೂ ಕೇಳಲಿಲ್ಲ. ರೈತರು, ಲಾರಿಯವರು, ಹಮಾಲರು ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನನಗೂ ಅವರು ಅಕ್ಕಾರೇ ಆದರು.

ಅವರು ಮೊದಲ ಸಲ ಅಂಗಡಿಗೆ ಬಂದದ್ದು ಕ್ಯಾಮೆರಾ ಕೊಳ್ಳಲು. ಬಂದವರು ಕ್ಯಾಮೆರಾ ಕಡೆ ನೋಡಲಿಲ್ಲ. ಗೋಡೆಯ ಮೇಲೆ ನಾನು ದೊಡ್ಡದಾಗಿ ಹಾಕಿಸಿದ್ದ ಹೆಲಿಕಾಪ್ಟರ್ ಫೋಟೋದ ಮುಂದೆ ಸೆರಗು ಸರಿಮಾಡಿಕೊಳ್ಳುತ್ತ ನಿಂತರು. ಒಂದು ಚುನಾವಣೆಯಲ್ಲಿ ಯಾರೋ ನಾಯಕರು ಬಂದಾಗ ನಾನೇ ತೆಗೆದ ಫೋಟೋ ಅದು. ತಿರುಗುವ ರೆಕ್ಕೆಯ ಅಂಚು ಕೂಡ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ. ಬಂದವರೆಲ್ಲ ವಾಹ್ ಎನ್ನುತ್ತಿದ್ದರು.

"ಇದ್ಯಾಕಪಾ ಸತ್ತಂಗ ಅದ?" ಎಂದರು ಅಕ್ಕ.

ನನಗೆ ಸಿಟ್ಟು ಬಂತು. ಏನು ಸತ್ತಿದೆ ಎಂದು ಕೇಳಿದೆ.

"ರೆಕ್ಕಿ ನಿಂತಾವಲ್ಲ. ರೆಕ್ಕಿ ನಿಂತ ಮ್ಯಾಲ ಇದು ಬೀಳಬೇಕಲ್ಲ? ದಾರ ಕಟ್ಟಿ ತೂಗು ಹಾಕಿದಂಗ ಕಾಣತದ."

ಶಟರ್ ವೇಗವಾಗಿಟ್ಟರೆ ರೆಕ್ಕೆ ನಿಂತ ಹಾಗೆ ಬರುತ್ತದೆ, ನಿಧಾನ ಇಟ್ಟರೆ ತಿರುಗುವುದು ಕಾಣುತ್ತದೆ, ಆದರೆ ಆಗ ಕೈ ಒಂಚೂರು ಅಲುಗಿದರೂ ಇಡೀ ಫೋಟೋ ಹಾಳು ಎಂದು ನಾನು ಸ್ವಲ್ಪ ಜೋರಾಗಿಯೇ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಹಂಗಾರ ಕೈ ಅಲಗಲಾರದಂಗ ಹಿಡೀಬೇಕು. ಅಷ್ಟ ಅಲ್ಲೇನು?" ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಅವತ್ತು ಅವರು ಒಂದು ಕ್ಯಾಮೆರಾ ಮತ್ತು ಅದಕ್ಕೊಂದು ಸಣ್ಣ ಜೂಮ್ ಲೆನ್ಸ್ ತೆಗೆದುಕೊಂಡು ಹೋದರು. ಯಾವುದರ ಫೋಟೋ ತೆಗೆಯುತ್ತೀರಿ ಎಂದಾಗ ಬಾಗಿಲಲ್ಲಿ ನಿಂತು ಬೆರಳನ್ನು ಮೇಲಕ್ಕೆ ಮಾಡಿ ತೋರಿಸಿದರು. ನಾನು ಫ್ಯಾನು ಅಂದುಕೊಂಡೆ.

ಮಾನ್ವಿಯಲ್ಲಿ ವಿಮಾನ ಇಳಿಯುವುದಿಲ್ಲ. ದೇವದುರ್ಗದಲ್ಲೂ ಇಳಿಯುವುದಿಲ್ಲ. ಆದರೆ ಬೆಂಗಳೂರಿನಿಂದ ದಿಲ್ಲಿಗೆ ಹೋಗುವವು, ಹೈದರಾಬಾದಿನಿಂದ ಗೋವಾಕ್ಕೆ ಹೋಗುವವು ನಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತವೆ. ನಾವು ಯಾರೂ ಕತ್ತೆತ್ತಿ ನೋಡುವುದಿಲ್ಲ. ಅಕ್ಕ ನೋಡುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಗಿರಣಿಯ ಹಿಂದಿನ ಕಣಕ್ಕೆ ಬರುತ್ತಿದ್ದರು. ಭತ್ತ ಒಣಹಾಕಲು ಸಿಮೆಂಟು ಹಾಕಿದ ದೊಡ್ಡ ಕಣ ಅದು. ಅಲ್ಲಿ ಒಂದು ಹೊರಸು. ಅದರ ಮೇಲೆ ಅಂಗಾತ ಮಲಗಿ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಕಾಯುತ್ತಿದ್ದರು. ಯಾವ ವಿಮಾನ ಎಲ್ಲಿಗೆ ಹೊರಟಿದೆ ಎಂದು ಹೇಳುವ ಒಂದು ಆ್ಯಪು ಅವರ ಮೊಬೈಲಿನಲ್ಲಿತ್ತು. ಲಾರಿಯಿಂದ ಚೀಲ ಇಳಿಸುತ್ತಿದ್ದ ಹಮಾಲರಿಗೆ ಮಲಗಿದಲ್ಲಿಂದಲೇ, "ಲೇ, ದಿಲ್ಲೀದು ಇವತ್ತ ತಡ ಆಗೇದ" ಎಂದು ಕೂಗಿ ಹೇಳುತ್ತಿದ್ದರು. ಪಾಪ, ಅವರೂ "ಹೌದೇನ್ರಿ ಅಕ್ಕಾರ" ಎಂದು ಮರುಗುತ್ತಿದ್ದರು.

ಊರು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೋತ್ನಾಳದ ಕಡೆಯಿಂದ ಭತ್ತ ತರುವ ಒಬ್ಬ ಡ್ರೈವರ್ ದಿನವೂ, "ಅಕ್ಕಾರ, ವಿಮಾನ ಹೊಡದು ಬೀಳಸ್ತೀರೇನು?" ಎನ್ನುತ್ತಿದ್ದ. "ಲಾರಿ ಅಡ್ಡ ನಿಂದ್ರಿಸಿದ್ರ ಮೊದಲ ಲಾರಿ ಹೊಡಿತೀನಿ" ಎಂಬುದು ಅಕ್ಕನ ಉತ್ತರ. ಕವಿತಾಳದಿಂದ ಬಂದಿದ್ದ ಒಬ್ಬ ಮಾಸ್ತರರು ಬಹಳ ಗಂಭೀರವಾಗಿ, ಇದರಿಂದ ಏನು ಉಪಯೋಗ ಎಂದು ಕೇಳಿದಾಗ ನಾನು ಅಲ್ಲೇ ಇದ್ದೆ.

"ನೀವು ಟಿವ್ಯಾಗ ಕ್ರಿಕೆಟ್ ನೋಡ್ತೀರಿಲ್ರಿ?"

"ನೋಡ್ತೀನ್ರಿ."

"ಅದರಿಂದ ನಿಮ್ಮ ಮನಿಗೆ ಏನರ ಬಂದದೇನ್ರಿ?"

ಮಾಸ್ತರರು ಚಹಾ ಕುಡಿದು ಎದ್ದು ಹೋದರು. ಅಷ್ಟು ಆಸೆಯಿದ್ದರೆ ಒಮ್ಮೆ ಹೈದರಾಬಾದಿಗೆ ಹೋಗಿ ವಿಮಾನ ಹತ್ತಿಸಿಕೊಂಡು ಬರುತ್ತೇನೆ ಎಂದು ಅಕ್ಕನ ತಮ್ಮ, ಊರೆಲ್ಲ ಸಾಹುಕಾರರು ಎನ್ನುತ್ತಿದ್ದವರು, ಹೇಳಿದ್ದರಂತೆ. ಅಕ್ಕ ಒಪ್ಪಲಿಲ್ಲ. "ಒಳಗ ಕುಂತ್ರ ವಿಮಾನ ಎಲ್ಲಿ ಕಾಣತದ? ಮುಂದ ಕುಂತಾಂವನ ತಲಿ ಕಾಣತದ. ಅದನ್ನ ಬಸ್ಸಿನ್ಯಾಗೂ ನೋಡೀನಿ." ಅವರ ಈ ಆಸೆಗೆ ಬಾಲ್ಯದ ಯಾವುದೋ ಕಥೆ ಇರಬೇಕು, ಯಾವುದೋ ನೋವು ಇರಬೇಕು ಎಂದು ಹುಡುಕುವವರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಅವರಿಗೆ ವಿಮಾನ ಚಂದ ಕಾಣುತ್ತಿತ್ತು. ಅಷ್ಟೇ. ಗಂಡಸರು ಬುಲೆಟ್ ಗಾಡಿಯನ್ನು ದಿನವೂ ಒರೆಸಿದರೆ ಯಾರೂ ಕಾರಣ ಕೇಳುವುದಿಲ್ಲವಲ್ಲ.

ಒಮ್ಮೆ ದೇವದುರ್ಗದ ಕಾಲೇಜು ಮೈದಾನಕ್ಕೆ ಒಬ್ಬ ದೊಡ್ಡ ನಾಯಕರ ಹೆಲಿಕಾಪ್ಟರ್ ಬರುವುದಿತ್ತು. ಸಾಹುಕಾರರಿಗೆ ಆ ಪಕ್ಷದವರ ಒಡನಾಟ. ನಾಯಕರು ಇಳಿಯುವಾಗ ಒಂದು ಚಂದದ ಫೋಟೋ ತೆಗೆದುಕೊಡು, ಬ್ಯಾನರಿಗೆ ಬೇಕು ಎಂದು ಅಕ್ಕನಿಗೆ ಹೇಳಿದರು. ಅಕ್ಕ ಹೂಂ ಅಂದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮೈದಾನದ ಪಕ್ಕದ ಪರಿಚಯದವರ ಮಾಳಿಗೆ ಹತ್ತಿ ನಿಂತೆವು. ಕೆಳಗಿನ ಓಣಿಯಿಂದ ಒಬ್ಬ ಮುದುಕಿ ಕೈಯನ್ನು ಕಣ್ಣಿನ ಮೇಲಿಟ್ಟು ನೋಡಿ, ಗುರುತು ಹಿಡಿದು, "ಏನವಾ, ಎಷ್ಟ್ ವರ್ಷದ ಮ್ಯಾಲ ನಮ್ಮೂರಿಗೆ ಬಂದಿ!" ಎಂದಳು. "ನಿಮ್ಮೂರಿಗೆ ಬಂದಿಲ್ಲಬೇ, ನಿಮ್ಮೂರ ಮ್ಯಾಲಿನ ಗಾಳಿಗೆ ಬಂದೀನಿ" ಎಂದು ಅಕ್ಕ ನಕ್ಕರು. ಮಾಳಿಗೆಯ ಮೇಲೆ ಯಾರೋ ಏನೋ ಹಿಡಿದು ನಿಂತಿದ್ದಾರೆ ಎಂದು ಒಬ್ಬ ಪೊಲೀಸಿನವ ಏದುಸಿರು ಬಿಡುತ್ತ ಮೇಲೆ ಬಂದ. ಅಕ್ಕ ಅವನಿಗೂ ಕ್ಯಾಮೆರಾದಲ್ಲಿ ನೋಡಲು ಕೊಟ್ಟರು. ಅವನು ಹೆಲಿಕಾಪ್ಟರ್ ಬರುವವರೆಗೂ ಅಲ್ಲೇ ನಿಂತ.

ಹೆಲಿಕಾಪ್ಟರ್ ಧೂಳೆಬ್ಬಿಸುತ್ತ ಬಂತು. ಅಕ್ಕ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಅದರ ಜೊತೆಗೇ ಸೊಂಟದಿಂದ ತಿರುಗುತ್ತ ಒಂದೇ ಸಮ ತೆಗೆದರು. ಚಕ್ರ ನೆಲಕ್ಕೆ ತಾಗಿತು. ಬಾಗಿಲು ತೆರೆಯಿತು. ನಾಯಕರು ಕೈ ಬೀಸುತ್ತ ಮೆಟ್ಟಿಲಲ್ಲಿ ಕಾಣಿಸಿಕೊಂಡ ಹೊತ್ತಿಗೆ ಅಕ್ಕ ಲೆನ್ಸಿನ ಮುಚ್ಚಳ ಹಾಕಿ ಕ್ಯಾಮೆರಾವನ್ನು ಚೀಲದಲ್ಲಿ ಇಟ್ಟಾಗಿತ್ತು. ಸಂಜೆ ಸಾಹುಕಾರರು ಸಿಟ್ಟಿನಿಂದ ಕುಣಿದಾಡಿಬಿಟ್ಟರು.

"ಸಾಹೇಬ್ರು ಎಲ್ಲದಾರಕ್ಕಾ ಇದರಾಗ?"

"ಒಳಗ ಅದಾನ."

"ಇಳಿಯೋದು ತಗಿ ಅಂದಿದ್ನಿಲ್ಲ?"

"ಇಳದ ಮ್ಯಾಲ ಅಂವನೂ ನಡಕೋಂತ ಹೋಗೋ ಮನಷಾನ. ನಡಿಯೋರ ಫೋಟೋ ತಗಿಯಾಕ ಅಲ್ಲಿ ಬೇಕಾದಷ್ಟು ಮಂದಿ ಇದ್ರು."

ಆ ಫೋಟೋದಲ್ಲಿ ರೆಕ್ಕೆ ಒಂದು ಬೂದು ಬಣ್ಣದ ತಟ್ಟೆಯಾಗಿ ತಿರುಗುತ್ತಿದೆ. ಅದರ ಕೆಳಗೆ ಯಂತ್ರದ ಮೈ ಮಾತ್ರ ಒಂದಿಷ್ಟೂ ಅಲುಗದೆ ಸ್ಪಷ್ಟವಾಗಿದೆ. ಅಷ್ಟು ನಿಧಾನ ಶಟರಿನಲ್ಲಿ ಅಷ್ಟು ಗಟ್ಟಿಯಾಗಿ ಹಿಡಿಯುವುದು ನನ್ನಿಂದ ಈಗಲೂ ಆಗುವುದಿಲ್ಲ. ಗೋಡೆಯಿಂದ ನನ್ನ ಫೋಟೋ ಇಳಿಸಿ ಅವರದನ್ನು ಹಾಕಿದೆ.

ಆಮೇಲೆ ಒಂದು ಶ್ರಾವಣದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಬೇಗ ಸುಧಾರಿಸಿತು. ಎಡಗೈ ಸುಧಾರಿಸಲಿಲ್ಲ. ಬೆರಳು ಮಡಚಿದರೆ ಮುಷ್ಟಿ ಪೂರ್ತಿ ಕೂಡುತ್ತಿರಲಿಲ್ಲ. ಒಂದು ಲೋಟ ನೀರು ಹಿಡಿದರೂ ನಡುಗುತ್ತಿತ್ತು. ಕ್ಯಾಮೆರಾ ಹಿಡಿಯುವವರಿಗೆ ಎಡಗೈ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬಲಗೈ ಗುಂಡಿ ಒತ್ತುತ್ತದೆ, ಅಷ್ಟೇ. ಲೆನ್ಸಿನ ಭಾರ ಹೊರುವುದು, ಅದರ ಸುತ್ತಲಿನ ಬಳೆ ತಿರುಗಿಸಿ ಜೂಮ್ ಮಾಡುವುದು, ಅಲುಗದಂತೆ ನಿಲ್ಲಿಸುವುದು ಎಲ್ಲವೂ ಎಡಗೈಯ ಕೆಲಸ. ಇನ್ನು ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಬಂದವರೆಲ್ಲ, ಇನ್ನೇನು ಪೂಜೆ ಪುನಸ್ಕಾರ ಮಾಡಿಕೊಂಡು ಆರಾಮ ಇರ್ರಿ ಎಂದು ಹೇಳಿ ಹೋಗುತ್ತಿದ್ದರು. "ಪೂಜಾ ಮುಂಜಾನೇನ ಆಗೇದ. ಮುಂದ?" ಎನ್ನುತ್ತಿದ್ದರು ಅಕ್ಕ.

ಸಾಹುಕಾರರು ನನ್ನ ಅಂಗಡಿಗೆ ಬಂದರು. ಎಂದೂ ಅಂಗಡಿಯ ಮೆಟ್ಟಿಲು ಹತ್ತದವರು ಅವತ್ತು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತರು.

"ಆಕಿ ದೊಡ್ಡ ಲೆನ್ಸ್ ತಗೋಬೇಕು ಅನ್ನಾಕತ್ಯಾಳ. ಕೇಳಿದ್ರ ಖಾಲಿ ಆಗ್ಯಾವ ಅನ್ನು. ಡಾಕ್ಟರು ಭಾರ ಎತ್ತಬ್ಯಾಡ ಅಂದಾರ. ಅದನ್ನ ಎತ್ತಾಕ ಹೋಗಿ ಕಣದಾಗ ಬಿದ್ಲಂದ್ರ... ನನಗ ಇರಾಕಿ ಆಕಿ ಒಬ್ಬಾಕೀನ ಅಲ್ಲೇನಪಾ."

ನಾನು ಚಹಾ ತರಿಸಿದೆ. ಅಂಗಡಿ ಇಟ್ಟವನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತಿಲ್ಲ. ಅವರು ಅತ್ತ ಹೋಗಿ ಎರಡು ದಿನಕ್ಕೆ ಅಕ್ಕನ ಫೋನ್ ಬಂತು. "ಹಳೇ ಲೆನ್ಸಿನ ಬಳಿ ಬಿಗಿ ಅದ, ನನ್ನ ಕೈಲೆ ತಿರಗವಲ್ದು. ನಿನ್ನ ಹಂತ್ಯಾಕ ಏನೇನ್ ಅದಾವ ಎಲ್ಲಾ ತಗೊಂಡು ಗಿರಣಿಗೆ ಬಾ. ನನ್ನ ತಮ್ಮ ಏನ್ ಹೇಳ್ಯಾನ ಅಂತ ನನಗ ಗೊತ್ತದ, ಅದನ್ನ ಹೇಳಬ್ಯಾಡ."

ಅಂಗಡಿಯಲ್ಲಿದ್ದ ಒಂದು, ಪರಿಚಯದ ಫೋಟೋಗ್ರಾಫರುಗಳಿಂದ ಕೇಳಿ ತಂದ ಎರಡು, ಒಟ್ಟು ಮೂರು ಟೆಲಿಫೋಟೊ ಜೂಮ್ ಲೆನ್ಸುಗಳನ್ನು ಹಿಂದಿನ ಸೀಟಿನಲ್ಲಿ ಹೊದಿಸಿಕೊಂಡು ಮಾನ್ವಿಗೆ ಹೋದೆ. ಕಣದಲ್ಲಿ ಹೊರಸಿನ ಪಕ್ಕ ಮೇಜು ಹಾಕಿಸಿದ್ದರು. ಸಾಹುಕಾರರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು, ಹೆಣ್ಣು ನೋಡಲು ಬಂದ ಬೀಗರ ಹಾಗೆ. ನಾನು ಗಂಟಲು ಸರಿಮಾಡಿಕೊಂಡು ನನ್ನ ಭಾಷಣ ಶುರು ಮಾಡಿದೆ. ಬೆಳಕು ಹೆಚ್ಚು ಹೀರುವ ದುಬಾರಿ ಲೆನ್ಸ್ ನಮಗೆ ಬೇಡ, ರಾಯಚೂರಿನ ಬಿಸಿಲಲ್ಲಿ ಬೆಳಕು ಸಾಲದು ಎಂದು ಯಾವ ಲೆನ್ಸೂ ದೂರು ಹೇಳಿಲ್ಲ. ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ ನಿಜ, ಆದರೆ ನೂರರಿಂದ ನಾನೂರು ಮಿಲಿಮೀಟರಿನವರೆಗೆ ಹೋಗುವ ಈ ಹಗುರ ಲೆನ್ಸೇ ನಿಮ್ಮ ಕೈಗೆ ಸರಿ. ವಿಮಾನ ಸಣ್ಣದಾಗಿ ಬಂದರೆ ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿ ದೊಡ್ಡದು ಮಾಡೋಣ ಎಂದೆ. ಸಾಹುಕಾರರು ಜೋರಾಗಿ ತಲೆಯಾಡಿಸಿದರು.

"ಹಗೂರ ಅದ ಅಂತ ಕೊಡಾಕತ್ತಿಯೋ, ಚೊಲೋ ಅದ ಅಂತ ಕೊಡಾಕತ್ತಿಯೋ?" ಎಂದರು ಅಕ್ಕ.

ಅಕ್ಕ ಭತ್ತ ಕೊಳ್ಳುವ ರೀತಿಯನ್ನು ಇಲ್ಲಿ ಹೇಳಬೇಕು. ಚೀಲದ ಬಾಯಿ ಬಿಚ್ಚಿ ತೋರಿಸಿದರೆ ಅವರು ಅತ್ತ ನೋಡುತ್ತಲೇ ಇರಲಿಲ್ಲ. ಚೂಪು ಕೊಳವೆಯನ್ನು ಚೀಲದ ತಳದ ಮೂಲೆಗೆ ಚುಚ್ಚಿ, ಅಲ್ಲಿಂದ ಬಂದ ಕಾಳನ್ನು ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಡಿದು ನೋಡಿ ದರ ಹೇಳುತ್ತಿದ್ದರು. ಮೇಲಿನ ಕಾಳು ಎಲ್ಲರದೂ ಚೊಲೋನ ಇರತದ ಎನ್ನುತ್ತಿದ್ದರು. ಲೆನ್ಸುಗಳನ್ನೂ ಅವರು ಹಾಗೆಯೇ ತೆಗೆದುಕೊಂಡರು. ನಾನು ಜೂಮನ್ನು ಹಿಂದಕ್ಕೆ ಎಳೆದು, ಎಲ್ಲ ಲೆನ್ಸೂ ಚೆನ್ನಾಗಿ ಕಾಣುವ ಜಾಗದಲ್ಲಿಟ್ಟು, ಅವರ ಬಲಗೈಗೆ ಕೊಡಲು ಹೋದೆ.

"ಪೂರಾ ಮುಂದಕ್ಕ ಇಡು. ಎಡಗೈಗೆ ಕೊಡು," ಎಂದರು. "ಬಲಗೈಯಾಗ ಎಲ್ಲಾನೂ ಚೊಲೋನ ಇರತಾವ."

ಹಗುರ ಲೆನ್ಸು ಎಡಗೈಯಲ್ಲಿ ನಿಂತಿತು. ಆದರೆ ಗೋವಾದ ವಿಮಾನ ಬಂದಾಗ ಅದು ನೊಣದಷ್ಟು ಕಂಡಿತು. ಅವರು ಅದನ್ನು ಮೇಜಿನ ಮೇಲಿಟ್ಟರು. ಎರಡನೆಯದು ನೂರೈವತ್ತರಿಂದ ಆರುನೂರರದು. ಬಳೆ ತಿರುಗಿಸಿದಂತೆ ಅದರ ಮೂತಿ ಉದ್ದವಾಗಿ ಹೊರಗೆ ಬರುತ್ತದೆ. ಜೊತೆಗೆ ಭಾರವೂ ಮುಂದಕ್ಕೆ ಸರಿಯುತ್ತದೆ. ಅಕ್ಕ ತಿರುಗಿಸುತ್ತಿದ್ದಂತೆ ಎಡಗೈ ಸೋತುಹೋಯಿತು. ನಾನು ಹಾರಿ ಹಿಡಿಯದಿದ್ದರೆ ಬೇರೆಯವರ ಲೆನ್ಸು ಸಿಮೆಂಟಿನ ಮೇಲೆ ಚೂರಾಗುತ್ತಿತ್ತು. ಸಾಹುಕಾರರು ಎದ್ದು ನಿಂತುಬಿಟ್ಟರು. ಅಕ್ಕನ ಮುಖ ಕೆಂಪಾಗಿತ್ತು. ಬೇಡ ಬಿಡ್ರಿ ಅಕ್ಕಾರ ಎನ್ನುವುದು ನನ್ನ ಬಾಯಿಗೆ ಬಂದಿತ್ತು. ಅವರು ಮೂರನೆಯದರ ಕಡೆಗೆ ಕೈ ಚಾಚಿದರು.

ಮೂರನೆಯದು ನನ್ನ ಅಂಗಡಿಯದೇ, ಇನ್ನೂರರಿಂದ ಆರುನೂರು. ಎಲ್ಲಕ್ಕಿಂತ ಭಾರದ್ದು. ಅದನ್ನು ಅವರಿಗೆ ತೋರಿಸುವ ಮನಸ್ಸೇ ನನಗಿರಲಿಲ್ಲ, ಸುಮ್ಮನೆ ಲೆಕ್ಕಕ್ಕಿರಲಿ ಎಂದು ತಂದಿದ್ದೆ. ಆದರೆ ಅದರ ಜೂಮ್ ಎಲ್ಲ ಒಳಗೇ ನಡೆಯುತ್ತದೆ. ಮೂತಿ ಬೆಳೆಯುವುದಿಲ್ಲ, ಭಾರ ಇದ್ದಲ್ಲೇ ಇರುತ್ತದೆ. ಬಳೆ ಎಷ್ಟು ಸಡಿಲವೆಂದರೆ ಒಂದು ಬೆರಳು ತಾಗಿಸಿದರೂ ತಿರುಗುತ್ತದೆ. ಅಕ್ಕ ಹೊರಸಿನ ಮೇಲೆ ಮಲಗಿ, ಎಡ ಅಂಗೈಯನ್ನು ತೊಟ್ಟಿಲು ಮಾಡಿ ಅದನ್ನು ಎದೆಯ ಮೇಲೆ ಇಟ್ಟುಕೊಂಡರು. ಕೈ ನಡುಗಿತು. ಬಿಡಲಿಲ್ಲ. ಹೆಬ್ಬೆರಳಿನಿಂದ ಬಳೆಯನ್ನು ಮುಂದೆ, ಹಿಂದೆ, ಮತ್ತೆ ಮುಂದೆ ತಿರುಗಿಸಿದರು.

"ಇದು," ಎಂದರು.

"ಅಕ್ಕಾರ, ಎಲ್ಲಾಕ್ಕಿಂತ ವಜ್ಜಾ ಇದ ಅದರೀ."

"ನಮ್ಮ ಹಮಾಲರನ್ನ ಕೇಳು. ತುಂಬಿದ ಚೀಲ ಹೊರತಾರ, ಅರ್ಧ ಚೀಲಕ್ಕ ಬೈತಾರ. ಅರ್ಧ ಚೀಲ ಬೆನ್ನ ಮ್ಯಾಲ ಹೊರಳತದ. ಭಾರ ಇದ್ರ ಇರ್ಲಿ, ಜಾಗಾ ಬಿಟ್ಟು ಸರಿಬಾರದು."

ಸಾಹುಕಾರರಿಗೆ ತಡೆಯಲಾಗಲಿಲ್ಲ. ಟ್ರೈಪಾಡಾದರೂ ಇಟ್ಟುಕೋ ಎಂದರು. ನೆತ್ತಿಯ ಮೇಲೆ ಓಡುವ ವಿಮಾನಕ್ಕೆ ಮೂರು ಕಾಲಿನ ಮೇಜು ಏನು ಮಾಡುತ್ತದೆ ಎಂದು ಅಕ್ಕ ಅಂದಾಗ ಅವರ ಸಹನೆ ಮುಗಿಯಿತು. "ಆತು ಹಂಗಾರ. ಆ ಕೈಲೆ ಒಂದ, ಒಂದ ಫೋಟೋ ನೆಟ್ಟಗ ತಗದು ನನಗ ತೋರ್ಸು. ನಾ ಬಾಯಿ ಮುಚ್ಚತೀನಿ. ಬರಲಿಲ್ಲಂದ್ರ ಇದನ್ನ ಕಪಾಟಿನ್ಯಾಗ ಇಟ್ಟು ಸುಮ್ಮನ ಮನ್ಯಾಗ ಕುಂದ್ರಬೇಕು. ಆಯ್ತಿಲ್ಲೋ?" ಅಕ್ಕ ಲೆನ್ಸಿನ ಮುಚ್ಚಳ ಎಲ್ಲಿ ಎಂದು ನನ್ನನ್ನು ಕೇಳಿದರು.

ಮುಂದಿನ ವಾರಗಳು ಚೆನ್ನಾಗಿರಲಿಲ್ಲ. ದಿನವೂ ನನ್ನ ಮೊಬೈಲಿಗೆ ಫೋಟೋ ಬರುತ್ತಿದ್ದವು. ಎಲ್ಲವೂ ಅಲುಗಿದವು, ಒಂದರಲ್ಲಿ ವಿಮಾನಕ್ಕೆ ಎರಡು ಬಾಲ, ಇನ್ನೊಂದರಲ್ಲಿ ಬರೀ ಆಕಾಶ. ಫೋಟೋದ ಹಿಂದೆಯೇ ಅವರ ಧ್ವನಿ: "ಬಂದದೋ ಇಲ್ಲೋ?" ನಾನು ಇಲ್ಲ ಎನ್ನಬೇಕು, ಅವರು ಫೋನ್ ಇಡಬೇಕು. ಒಂದು ಸಲ ಮರುಕ ತಡೆಯದೆ, ಪರವಾಗಿಲ್ಲ ಅಕ್ಕಾರ, ಚೊಲೋನ ಬಂದದ ಎಂದುಬಿಟ್ಟೆ.

"ತಮ್ಮಾ, ನನಗ ಲಕ್ವ ಹೊಡದದ್ದು ಕೈಗೆ. ಕಣ್ಣಿಗಲ್ಲ."

ಮತ್ತೆಂದೂ ಅವರಿಗೆ ಸುಳ್ಳು ಹೇಳಲಿಲ್ಲ. ಅವರ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡುತ್ತ ಹೋದಾಗ ನನಗೆ ಒಂದು ಸಂಗತಿ ಹೊಳೆಯಿತು. ದೂರದಲ್ಲಿ, ದಿಗಂತದ ಹತ್ತಿರ ಇದ್ದ ವಿಮಾನಗಳು ನೀರಿನಲ್ಲಿ ನೋಡಿದಂತೆ ಅಂಕುಡೊಂಕಾಗಿದ್ದವು. ಅದು ಕೈ ಅಲುಗಿದ್ದಲ್ಲ. ನಮ್ಮ ನೆಲದ ಕಾವಿಗೆ ಗಾಳಿಯೇ ಕುದಿಯುತ್ತದೆ, ಉದ್ದ ಲೆನ್ಸು ಆ ಕುದಿಯನ್ನೂ ಹಿಗ್ಗಿಸಿ ತೋರಿಸುತ್ತದೆ. ಎಂಥ ಲೆನ್ಸಾದರೂ ಅಷ್ಟೇ. ಇದನ್ನು ಹೇಳಿದಾಗ ಅಕ್ಕ ಎರಡೆರಡು ಸಲ ಕೇಳಿದರು. "ಅಂದ್ರ ಅಲ್ಲಾಡೋದೆಲ್ಲಾ ನನ್ನ ಕೈ ಅಲ್ಲ?" ಎಲ್ಲಾ ಅಲ್ರಿ ಎಂದೆ. ಅಷ್ಟು ಸಂತೋಷದ ನಗೆಯನ್ನು ನಾನು ಅವರಿಂದ ಅದಕ್ಕೆ ಮೊದಲು ಕೇಳಿರಲಿಲ್ಲ. ನನಗೂ ಕಣ್ಣು ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಂದಿನಿಂದ ಅವರು ದೂರದ ವಿಮಾನಗಳನ್ನು ಬಿಟ್ಟರು. ಹೊತ್ತು ಏರುವ ಮೊದಲು, ನೇರ ನೆತ್ತಿಯ ಮೇಲೆ ಬಂದದ್ದನ್ನು ಮಾತ್ರ ತೆಗೆಯತೊಡಗಿದರು. ಅಲ್ಲಿ ಅಡ್ಡ ಬರುವ ಗಾಳಿ ಕಡಿಮೆ. ಎಡ ಮೊಣಕೈ ಕೆಳಗೆ ಭತ್ತದ ಹೊಟ್ಟು ತುಂಬಿದ ಪುಟ್ಟ ಚೀಲ ಇಟ್ಟುಕೊಂಡರು. ವಿಮಾನ ಬರುವ ಮೊದಲೇ ಜೂಮ್ ಹಾಕಿಟ್ಟು, ಕೈಗೆ ಹೊರುವುದೊಂದೇ ಕೆಲಸ ಉಳಿಯುವಂತೆ ಮಾಡಿದರು.

ದೀಪಾವಳಿಗೆ ಇನ್ನೂ ಕೆಲವು ದಿನ ಇತ್ತು. ಬ್ಯಾಟರಿ ಕೊಡಲು ಮಾನ್ವಿಗೆ ಹೋಗಿದ್ದೆ. ಹಿಂದಿನ ದಿನ ಮಳೆ ಬಂದು ಆಕಾಶ ತೊಳೆದಿಟ್ಟಂತಿತ್ತು. ಅಕ್ಕ ಮಲಗಿದ್ದರು. ಕಣದ ಆ ತುದಿಯಲ್ಲಿ ಸಾಹುಕಾರರು ಕಾಟಾದ ಮುಂದೆ ಯಾರೊಂದಿಗೋ ದರದ ಮಾತಾಡುತ್ತಿದ್ದರು. ದಿಲ್ಲಿಯದು ಬಂತು. ಅಕ್ಕ ಗುಂಡಿ ಒತ್ತಿದ ಸದ್ದು ಒಂದೇ ಸಮ ಕೇಳಿಸಿತು, ನಿಂತಿತು. ಅವರು ಕ್ಯಾಮೆರಾದ ಬೆನ್ನನ್ನು ನನ್ನ ಕಡೆ ತಿರುಗಿಸಿದರು.

"ಬಂದದೋ ಇಲ್ಲೋ?"

ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಬಿಳಿಯ ಹೊಟ್ಟೆ, ಎರಡು ಎಂಜಿನ್ನು, ಅವುಗಳ ಹಿಂದೆ ಎರಡು ಬಿಳಿ ಗೆರೆ. ರೆಕ್ಕೆಯ ಕೆಳಗೆ ಬರೆದ ಅಕ್ಷರಗಳನ್ನು ಓದಬಹುದಾಗಿತ್ತು. ನಾನು ಓದಿದೆ, ಜೋರಾಗಿ ಓದಿದೆ.

"ಬಂದದ್ರಿ ಅಕ್ಕಾರ! ಬಂದದ!" ಎಂದು ಎದ್ದು, ಕಾಟಾದ ಕಡೆ ತಿರುಗಿ, "ಸಾವ್ಕಾರ್ರೀ" ಎಂದು ಕೂಗಲು ಬಾಯಿ ತೆರೆದೆ. ಹಿಂದಿನಿಂದ ಅಂಗಿ ಹಿಡಿದು ಎಳೆದಂತಾಯಿತು. ನೋಡಿದರೆ ಅಕ್ಕನ ಎಡಗೈ. ಆ ಬೆರಳುಗಳಲ್ಲಿ ಅಷ್ಟು ಬಲ ಇದ್ದದ್ದು ನನಗೆ ಗೊತ್ತಿರಲಿಲ್ಲ. "ಸುಮ್ಮನ ಕುಂದ್ರು," ಎಂದರು, ಕ್ಯಾಮೆರಾ ಬಂದ್ ಮಾಡಿದರು.

ಆಮೇಲೆ ಅಂಥವು ಇನ್ನೂ ಕೆಲವು ಬಂದವು. ಸಾಹುಕಾರರು ಆಗಾಗ, "ಏನಕ್ಕಾ, ಬಂತೇನು?" ಎಂದು ಕೇಳುತ್ತಲೇ ಇದ್ದರು. ಅಕ್ಕ "ನೋಡೋಣು" ಎನ್ನುತ್ತಲೇ ಇದ್ದರು. ಅವರು ಕಪಾಟಿನ ಮಾತೆತ್ತಿದರೆ ಇವರು ಹೊರಸಿನ ಕಡೆ ನಡೆಯುತ್ತಿದ್ದರು. ಹೀಗೆ ಬೇಸಿಗೆಯವರೆಗೆ ನಡೆಯಿತು. ಬೇಸಿಗೆಯಲ್ಲಿ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಅದು ಅಕ್ಕನನ್ನು ಬಿಡಲಿಲ್ಲ.

ಎಲ್ಲ ಕಾರ್ಯ ಮುಗಿದು ಕೆಲವು ವಾರದ ಮೇಲೆ ಸಾಹುಕಾರರು ಅಂಗಡಿಗೆ ಬಂದರು. ಲೆನ್ಸು ಮಾರಿಕೊಡು ಎನ್ನುತ್ತಾರೆ ಎಂದುಕೊಂಡು, ಆಗುವುದಿಲ್ಲ ಎನ್ನಲು ತಯಾರಾಗಿ ನಿಂತೆ. ಅವರ ಕೈ ಖಾಲಿ ಇತ್ತು.

"ಒಂದ್ ಮಾತು ಖರೇ ಹೇಳು," ಎಂದರು. "ಆಕಿಗೆ ಒಂದರ ನೆಟ್ಟಗ ಬಂತೇನು?"

"ಬಂದಿತ್ರಿ. ದೀಪಾವಳಿಕಿಂತ ಮೊದಲ ಬಂದಿತ್ತು. ನೀವು ಅವತ್ತ ಅಲ್ಲೇ ಕಾಟಾದ ಮುಂದ ಇದ್ರಿ."

ಅವರು ಸ್ಟೂಲು ಎಳೆದುಕೊಂಡು ಕುಳಿತರು. "ನನಗ್ಯಾಕ ತೋರಿಸ್ಲಿಲ್ಲ? ತೋರಿಸಿದ್ರ ನಾ ಮತ್ತ ಮಾತಾಡತಿದ್ದಿಲ್ಲ. ಮಾತು ಕೊಟ್ಟಿದ್ನಿಲ್ಲ?"

ಇದೇ ಪ್ರಶ್ನೆಯನ್ನು ನಾನೂ ಅಕ್ಕನಿಗೆ ಕೇಳಿದ್ದೆ. ಅವರು ಹೇಳಿದ್ದನ್ನು ಹಾಗೆಯೇ ಹೇಳಿದೆ. "'ತೋರ್ಸಿದ್ರ ಅಂವನ್ನ ಕೇಳಿ ತಗದಂಗ ಆಗತದ' ಅಂದ್ರು."

ಸಾಹುಕಾರರ ಗಂಟಲಿನಿಂದ ಒಂದು ಸದ್ದು ಬಂತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. ನನ್ನ ಕಂಪ್ಯೂಟರಿನಲ್ಲಿ ಆ ಫೋಟೋ ಇತ್ತು. ಪರದೆಯನ್ನು ಅವರ ಕಡೆ ತಿರುಗಿಸಲು ಹೋಗಿ, "ನೋಡ್ತೀರೇನ್ರಿ?" ಎಂದೆ.

ಅವರು ಎದ್ದು ನಿಂತರು. ಮುಖವನ್ನು ಬಾಗಿಲ ಕಡೆ ಮಾಡಿಕೊಂಡರು.

"ಬ್ಯಾಡಪಾ," ಎಂದರು. "ಆಕೀನ್ನ ಕೇಳಲಾರದ ಹ್ಯಾಂಗ ನೋಡ್ಲಿ?"